ಅಕ್ಕನ ಅಳತೆಯ ಕತ್ತರಿಗೋಲು

ಹೋದ ಭಾನುವಾರ ನಾನು ನೂರು ಗಜ ದೂರದ ಗುರಿಕಾಗದಕ್ಕೆ ಐದು ಗುಂಡು ಹೊಡೆದೆ. ಐದೂ ಒಂದೇ ತೂತಿನಲ್ಲಿ ಹೋದವು. ಅಷ್ಟೇ ಆಗಿದ್ದರೆ ಹೇಳಿಕೊಳ್ಳುವ ಮಾತಲ್ಲ, ಬೇರೆಯವರೂ ಹೊಡೆದಾರು. ನನ್ನ ಗುಂಡುಗಳು ಎಷ್ಟು ನಯವಾಗಿ ಹೋದವೆಂದರೆ, ತನ್ನನ್ನು ಯಾರೋ ದಾಟಿಹೋದದ್ದು ಆ ಕಾಗದಕ್ಕೇ ತಿಳಿಯಲಿಲ್ಲ. ತೂತು ತಾನಾಗಿಯೇ ಕೂಡಿಕೊಂಡಿತು. ಆಮೇಲೆ ಬೆಳಕಿಗೆ ಹಿಡಿದು ನೋಡಿದರೆ ಕಾಗದ ಅಂಗಡಿಯಿಂದ ಆಗಷ್ಟೇ ತಂದ ಹಾಗಿತ್ತು.

ನಂಬದವರು ಮುಂದೆ ಓದಬಹುದು. ನಂಬಿದವರು ಇಲ್ಲಿಗೇ ನಿಲ್ಲಿಸಿದರೆ ನನಗೆ ದೊಡ್ಡ ಉಪಕಾರ.

ನಾನು ಕುರ್ಚಿ ರಿಪೇರಿಯವನು. ಈ ಊರಿನಲ್ಲಿ ಯಾರೇ ನೆಮ್ಮದಿಯಾಗಿ ಕೂತಿದ್ದರೂ ಅದು ನನ್ನ ದಯೆ. ಕೆಳಗೆ ಕಾರ್ಖಾನೆ, ಮೇಲೆ ಮನೆ. ಕಾರ್ಖಾನೆಯೆಂದರೆ ಒಂದು ಕೋಣೆ, ಮನೆಯೆಂದರೆ ಇನ್ನೊಂದು. ನಾನು ಕಾಲು ಕೂರಿಸುತ್ತಿದ್ದೆ, ಅಕ್ಕ ಮೆತ್ತೆ ಹೊಲಿಯುತ್ತಿದ್ದಳು. ವಾರವೆಲ್ಲ ಸೂಜಿ ಹಿಡಿದ ಅದೇ ಕೈ ಭಾನುವಾರ ಬಂದೂಕು ಹಿಡಿಯುತ್ತಿತ್ತು. ಗುರಿ ಕ್ಲಬ್ಬಿನಲ್ಲಿ ಅವಳು ಹೊಡೆದರೆ ಸೂಜಿಗೆ ದಾರ ಪೋಣಿಸಿದ ಹಾಗೆ. ಗಿರಾಕಿಗಳ ಹತ್ತಿರ ಅವಳು ಗೆದ್ದ ಪದಕಗಳನ್ನೆಲ್ಲ ನನ್ನವೆಂದೇ ಹೇಳಿಕೊಂಡಿದ್ದೇನೆ, ಅದು ಬೇರೆ ವಿಷಯ. ಅಕ್ಕ ಮೆತ್ತೆಯಿಂದ ತಲೆ ಎತ್ತದೆ, "ಸಾಕು ಮುಚ್ಚೋ ಬುರುಡೆ, ಅವರ ಕುರ್ಚಿ ಕೊಟ್ಟು ಕಳಿಸು" ಅನ್ನುತ್ತಿದ್ದಳು.

ನೆಲದಲ್ಲಿ ಕೂತು ಹೊಡೆಯುವ ಪಂದ್ಯ ಅದು. ಬಂದೂಕು ಭಾರ. ಅದರ ನಳಿಗೆಗೆ ಆಸರೆಯಾಗಿ ಮುಂದೆ ಎರಡು ಕೋಲನ್ನು ಕತ್ತರಿಯ ಹಾಗೆ ಅಡ್ಡ ನಿಲ್ಲಿಸಿ, ಕೂಡುವ ಜಾಗವನ್ನು ಎಡಗೈಯಲ್ಲಿ ಹಿಡಿದುಕೊಳ್ಳಬೇಕು. ಅಕ್ಕನ ಕತ್ತರಿಗೋಲು ಮಾಡಿದ್ದು ನಾನು. ಇದು ಬುರುಡೆಯಲ್ಲ. ಮುರಿದ ಆರಾಮಕುರ್ಚಿಯ ಹಿಂಗಾಲು ಎರಡು, ನಡುವೆ ಒಂದು ಹಿತ್ತಾಳೆ ಬೋಲ್ಟು, ನಳಿಗೆ ಕೂರುವಲ್ಲಿ ನನ್ನ ಹಳೇ ಬೆಲ್ಟಿನ ಚರ್ಮ, ಪಾದಕ್ಕೆ ಸೈಕಲ್ ಟ್ಯೂಬಿನ ತುಂಡು. ಅಕ್ಕನನ್ನು ಕಾರ್ಖಾನೆಯ ನೆಲದ ಮೇಲೆ ಕಾಲು ಚಾಚಿ ಕೂರಿಸಿ, ನೆಲದಿಂದ ಗಲ್ಲದವರೆಗೆ ದಾರ ಹಿಡಿದು ಅಳೆದೆ. "ಗಲ್ಲ ಎತ್ತಬೇಡ, ರಾಣಿಯ ಫೋಟೋ ತೆಗೀತಿಲ್ಲ" ಅಂದದ್ದಕ್ಕೆ ತಲೆಗೆ ಒಂದು ಮೊಟಕಿದಳು.

ಅವಳು ಹೊಡೆಯುವಾಗ ನಾನು ಹಿಂದೆ ಮೂರು ಕಾಲಿನ ಸ್ಟೂಲಿನ ಮೇಲೆ ದುರ್ಬೀನು ಹಿಡಿದು ಕೂರುತ್ತಿದ್ದೆ. ಗುಂಡು ಎಲ್ಲಿ ಬಿತ್ತೆಂದು ಹೇಳುವುದು ನನ್ನ ಕೆಲಸ. ಗಾಳಿ ನಿಂತ ಗಳಿಗೆ ನೋಡಿ "ಉಸಿರು ಬಿಡು" ಅನ್ನುತ್ತಿದ್ದೆ. ಅವಳು ಬಿಡುತ್ತಿದ್ದಳು, ಬಂದೂಕಿನ ಕುದುರೆ ಎಳೆಯುತ್ತಿದ್ದಳು. "ಎಡಕ್ಕೆ ಎರಡು ಬೆರಳು" ಅಂದರೆ ತಿರುಗಿ ನೋಡದೆ ಎರಡು ಬೆರಳು ಸರಿಸುತ್ತಿದ್ದಳು. ಜಗತ್ತಿನಲ್ಲಿ ನಾನು ಬುರುಡೆ ಬಿಡದ ಜಾಗ ಅದೊಂದೇ.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು. ಇದನ್ನು ದೊಡ್ಡದು ಮಾಡಿ ಹೇಳಲು ನನಗೆ ಬರುವುದಿಲ್ಲ.

ಈಗ ಮೇಲಿನ ಕೋಣೆಯಲ್ಲಿ ಎರಡು ಕುರ್ಚಿ. ದಿನಕ್ಕೊಂದರಂತೆ ಬದಲಾಯಿಸಿ ಕೂರುತ್ತೇನೆ, ಇನ್ನೊಂದಕ್ಕೆ ಬೇಜಾರಾಗಬಾರದಲ್ಲ. ಗಿರಾಕಿಗಳ ಕುರ್ಚಿ ಸಿದ್ಧವಾದರೂ ಇನ್ನೂ ಅಂಟು ಒಣಗಿಲ್ಲವೆಂದು ಸಾಗಹಾಕುತ್ತೇನೆ. ಕೋಣೆ ತುಂಬ ಕುರ್ಚಿಯಿದ್ದರೆ ಯಾರೋ ಈಗ ತಾನೇ ಎದ್ದುಹೋದ ಹಾಗೆ ಕಾಣುತ್ತದೆ. ಅಂಟಿನ ಡಬ್ಬಿಯ ಮುಂದೆ ಎಂಥೆಂಥ ಬುರುಡೆ ಬಿಟ್ಟಿದ್ದೇನೆ! ಅದು ಒಂದು ದಿನವೂ "ಸಾಕು ಮುಚ್ಚೋ" ಅನ್ನಲಿಲ್ಲ.

ಕ್ಲಬ್ಬಿನ ಗೋಡೆಯಲ್ಲಿ ಮೊಳೆಗಳ ಸಾಲಿದೆ. ಒಬ್ಬೊಬ್ಬರ ಕತ್ತರಿಗೋಲಿಗೆ ಒಂದೊಂದು ಮೊಳೆ. ಕಿಟಕಿ ಪಕ್ಕದ್ದು ಅಕ್ಕನದು. ಒಂದು ವರ್ಷದೊಳಗೆ ಪಂದ್ಯಕ್ಕೆ ಕೂರುವವರ ಸಾಲಿನಲ್ಲಿ ಬಂದೂಕಿನ ಭಾರ ಹೊರದ ಕೋಲನ್ನು ಇಳಿಸಿ, ಮೊಳೆಯನ್ನು ಹೊಸಬರಿಗೆ ಕೊಡುವುದು ಅಲ್ಲಿನ ನಿಯಮ. ಹೋದ ಭಾನುವಾರದ್ದು ವರ್ಷದ ಕೊನೆಯ ಪಂದ್ಯ. ಕೋಲು ಮನೆಗೆ ಬಂದರೆ ಮನೆಯಲ್ಲಿ ಮುರಿದ ಕುರ್ಚಿಯ ಕಾಲು ಬೇಕಾದಷ್ಟಿವೆ, ಅವುಗಳ ಜೊತೆ ಅದೂ ಎರಡು ಕಾಲು. ಅಲ್ಲಿ ಮೊಳೆಯ ಮೇಲಿದ್ದರೆ ಅದು ಅಕ್ಕನ ಕತ್ತರಿಗೋಲು. ಅದಕ್ಕೇ ನಾನು ಕ್ಲಬ್ಬಿನ ಬಂದೂಕು ಹಿಡಿಯುವುದನ್ನು ಕಲಿತು, ಪಂದ್ಯಕ್ಕೆ ಹೆಸರು ಕೊಟ್ಟೆ.

ಕೋಲು ಪರೀಕ್ಷೆ ಮಾಡುವ ತೀರ್ಪುಗಾರ್ತಿಯನ್ನು ಎಲ್ಲರೂ ಟೇಪಮ್ಮ ಅನ್ನುತ್ತಾರೆ. ಅವಳ ಕೊರಳಲ್ಲಿ ಸದಾ ಅಳತೆಪಟ್ಟಿ ನೇತಾಡುತ್ತಿರುತ್ತದೆ. ಅವಳು ನಮ್ಮ ಕೋಲನ್ನು ಮೇಜಿನ ಮೇಲೆ ತೆರೆದು ನೋಡಿದಳು. ಪಾದ ಒತ್ತಿ ನೋಡಿದಳು, ನೆಲಕ್ಕೆ ನೆಡುವ ಮೊನೆ ಇರಬಾರದು. ಬೋಲ್ಟು ಅಲ್ಲಾಡಿಸಿದಳು, ಬಂದೂಕಿಗೆ ಬಿಗಿಯುವ ಕೊಕ್ಕೆ ಇರಬಾರದು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು.

"ಎರವಲು ಕೋಲು ಸಾಲಿಗೆ ಬರೋ ಹಾಗಿಲ್ಲ. ಇದು ನಿಮ್ಮಕ್ಕಂದು."

"ಮಾಡಿದ್ದು ನಾನು. ಇಷ್ಟು ವರ್ಷ ಎರವಲು ತಗೊಂಡಿದ್ದವಳು ಅಕ್ಕ."

"ಹಾಗಾದ್ರೆ ನಿನ್ನ ಅಳತೆಗೆ ಯಾಕಿಲ್ಲ? ನೀನು ಕೂತ್ರೆ ಇದು ನಿನ್ನ ಎದೆಗೂ ಬರಲ್ಲ."

"ಆಗ ಕುಳ್ಳಗಿದ್ದೆ. ಈಚೆಗೆ ಬೆಳೆದೆ."

"ಅರವತ್ತರ ಹತ್ತಿರ ಬಂದು?"

"ನಮ್ಮ ವಂಶದಲ್ಲಿ ಸ್ವಲ್ಪ ತಡ."

ಅವಳು ನಗಲಿಲ್ಲ. "ಕೆಳಗೊಂದು ತುಂಡು ಸೇರಿಸಿ ಎತ್ತರ ಮಾಡ್ಕೊಂಡ್ರೆ ನಿಯಮಕ್ಕೆ ಏನೂ ಅಡ್ಡಿಯಿಲ್ಲಪ್ಪ. ಮರಗೆಲಸ ಗೊತ್ತಿರೋನು ನೀನು."

ಗೊತ್ತಿತ್ತು. ಗರಗಸವನ್ನೂ ತೆಗೆದಿಟ್ಟಿದ್ದೆ, ತುಂಡನ್ನೂ ಆರಿಸಿದ್ದೆ. ಆದರೆ ತುಂಡು ಸೇರಿಸಿದರೆ ಅಕ್ಕನ ಗಲ್ಲ ಎಲ್ಲಿಗೆ ಬರುತ್ತಿತ್ತೆಂಬುದು ಆಮೇಲೆ ಯಾರಿಗೆ ಗೊತ್ತಾಗುತ್ತದೆ? ಟೇಪಮ್ಮನಿಗೆ ಇದನ್ನು ಹೇಳಲಿಲ್ಲ. "ನಾನು ಬಗ್ಗಿ ಹೊಡೆಯೋದರಲ್ಲಿ ಪ್ರಸಿದ್ಧ" ಅಂದೆ.

ಅವಳು ಕೋಲಿಗೆ ಒಪ್ಪಿಗೆಯ ಚೀಟಿ ಕಟ್ಟಿದಳು. "ಹಿಂದೆ ಯಾರು ಕೂರ್ತಾರೆ?"

"ನನಗ್ಯಾಕೆ ಹಿಂದೊಬ್ಬರು? ಗುಂಡು ಹೋಗೋದು ನನಗೆ ಬರಿಗಣ್ಣಿಗೇ ಕಾಣತ್ತೆ."

ಆದರೂ ಸ್ಟೂಲು ತಂದಿದ್ದೆ, ದುರ್ಬೀನನ್ನೂ ತಂದಿದ್ದೆ. ಅಭ್ಯಾಸ. ಸ್ಟೂಲನ್ನು ಹಿಂದೆ ಇಟ್ಟು, ಅದರ ಮೇಲೆ ದುರ್ಬೀನು ಇಟ್ಟು, ನೆಲದ ಮೇಲೆ ಕಾಲು ಚಾಚಿ ಕೂತೆ. ಗಂಟೆ ಬಾರಿಸಿದರು. ಅಕ್ಕಪಕ್ಕದವರು ಹೊಡೆಯಲು ಶುರುಮಾಡಿದರು. ನಾನು ಬಂದೂಕಿಗೆ ಮೊದಲ ಗುಂಡು ಹಾಕಿ, ಕತ್ತರಿಯಲ್ಲಿ ನಳಿಗೆ ಇಟ್ಟೆ. ಬೆನ್ನು ಮಡಿಸಿ, ಕುತ್ತಿಗೆ ಇಳಿಸಿ, ಅವಳ ಎತ್ತರಕ್ಕೆ ಬಂದೆ. ಬೆಲ್ಟಿನ ಚರ್ಮ ಅವಳ ಹೆಬ್ಬೆರಳು ಒತ್ತಿದಲ್ಲಿ ಸವೆದು ಹೊಳೆಯುತ್ತಿತ್ತು. ಅಲ್ಲೇ ನನ್ನ ಹೆಬ್ಬೆರಳು ಇಟ್ಟೆ. ಅಷ್ಟು ವರ್ಷ ಅವಳ ಬೆನ್ನು ಮಾತ್ರ ನೋಡಿದ್ದವನು ನಾನು. ಅವಳಿಗೆ ಕಾಣುತ್ತಿದ್ದುದು ಏನೆಂದು ಆವತ್ತು ಕಂಡೆ: ದೂರದಲ್ಲೊಂದು ಕಪ್ಪು ಚುಕ್ಕಿ, ಸುತ್ತ ಏನೂ ಇಲ್ಲ.

ಮತ್ತೆ ಗಂಟೆಯಾಯಿತು. ಪಂದ್ಯ ಮುಗಿಯಿತು.

ಬಾಗಿಲ ಹತ್ತಿರ ಮತ್ತೆ ಟೇಪಮ್ಮನ ಮೇಜು. ಹೊರಗೆ ಹೋಗುವವರು ಹೊಡೆದ ಗುಂಡಿನ ಖಾಲಿ ಕೋಶವನ್ನಾಗಲಿ, ಹೊಡೆಯದ ಗುಂಡನ್ನಾಗಲಿ ಅಲ್ಲಿಡಬೇಕು. ಬುರುಡೆ ಬಿಡುವವರಿಗೆಂದೇ ಮಾಡಿದ ನಿಯಮವಿರಬೇಕು ಅದು.

"ಎಷ್ಟು ಹೊಡೆದೆ?"

"ಐದೂ. ಒಂದೇ ತೂತು."

ಅವಳು ನನ್ನ ಗುರಿಕಾಗದವನ್ನು ಮೇಜಿನ ಮೇಲಿಟ್ಟಳು. ಒಂದೂ ತೂತಿರಲಿಲ್ಲ.

"ಅಷ್ಟು ನಯವಾಗಿ ಹೋದವು" ಅಂದೆ. "ತೂತು ಕೂಡಿಕೊಂಡಿದೆ."

ಅವಳು ಕೈ ಚಾಚಿದಳು. ನಾನು ಕಿಸೆಯಿಂದ ಗುಂಡುಗಳನ್ನು, ಬಂದೂಕಿನಿಂದ ವಾಪಸು ತೆಗೆದಿದ್ದನ್ನೂ ಸೇರಿಸಿ, ಒಂದೊಂದಾಗಿ ಮೇಜಿನ ಮೇಲೆ ನಿಲ್ಲಿಸಿದೆ. ಐದೂ ಇದ್ದವು.

"ಬಂದೂಕನ್ನ ಕೋಲಿನ ಮೇಲೆ ಇಟ್ಟಿದ್ದಾದರೂ ನಿಜವಾ?"

"ಅದು ನಿಜ. ಗಂಟೆಯಿಂದ ಗಂಟೆವರೆಗೆ."

"ಭಾರ ಹೊರಬೇಕು ಅಂತ ನಿಯಮ. ಹೊಡೀಬೇಕು ಅಂತ ಎಲ್ಲೂ ಇಲ್ಲ." ಅವಳು ಎದ್ದುಹೋಗಿ, ಕತ್ತರಿಗೋಲನ್ನು ಕಿಟಕಿ ಪಕ್ಕದ ಮೊಳೆಗೆ ತಗುಲಿಸಿ, ಅಲ್ಲಾಡದಂತೆ ಒಂದು ಕ್ಷಣ ಹಿಡಿದು ಬಿಟ್ಟಳು. ವಾಪಸು ಬಂದು ಕೂತು ಕೇಳಿದಳು, "ಈಗ ಹೇಳು. ಯಾಕೆ ಹೊಡೀಲಿಲ್ಲ?"

ಅವಳಿಗೆ ಹೇಳಿದ್ದನ್ನೇ, ಇಲ್ಲಿಯವರೆಗೆ ಓದಿದ ನಿಮಗೂ ಹೇಳಿಬಿಡುತ್ತೇನೆ.

"ಹಿಂದಿನಿಂದ ಯಾರೂ ಉಸಿರು ಬಿಡು ಅನ್ನಲಿಲ್ಲ. ಕಾದೆ. ಆಮೇಲೆ ನಾನೇ ಹೇಳ್ಕೊಂಡೆ, ಬಾಯಿಬಿಟ್ಟೇ ಹೇಳ್ಕೊಂಡೆ."

"ಮತ್ತೆ?"

"ನನ್ನ ಮಾತಿನ ಮೇಲೆ ನನಗೇ ನಂಬಿಕೆ ಬರಲಿಲ್ಲ. ಅಕ್ಕ ಹೇಗೆ ನಂಬ್ತಿದ್ದಳೋ."