ಹಿಂದಿನ ಗಾಲಿಗೊಂದು ಟಾಯರು

ಗ್ಯಾರೇಜಿನ ಮೋದಿನಸಾಬ ಸಿದ್ದಾರೂಢನ ಬೈಕಿನ ಹಿಂದಿನ ಟಾಯರನ್ನು ಹೆಬ್ಬೆರಳಿನಿಂದ ಒತ್ತಿ, ನಡುವೆ ಸವೆದು ನುಣ್ಣಗಾದ ಜಾಗ ತೋರಿಸಿದ.

"ಮುಗೀತ್ರಿ ಇದರ ಕತಿ. ಮಳಿ ಬೀಳೂದ್ರಾಗ ಬದಲಿ ಮಾಡ್ರಿ ಸಾಹೇಬ್ರ. ದಿನಾ ಅರವತ್ತೆಪ್ಪತ್ತು ಕಿಲೋಮೀಟರ್ ಅಡ್ಡಾಡವ್ರು ನೀವು, ಹಲಕಾ ಮಾಲ್ ಹಾಕಬ್ಯಾಡ್ರಿ. ನಮ್ಮ ಸಾಹಿಲನ ಅಂಗಡ್ಯಾಗ ಛಲೋ ಕಂಪನೀದು ಐತಿ."

'ನಮ್ಮ' ಎಂಬ ಆ ಒಂದು ಮಾತು ಸಿದ್ದಾರೂಢನ ಕಿವಿಯಲ್ಲಿ ಸಿಕ್ಕಿಕೊಂಡಿತು. ಸಾಹಿಲ ಎಂದರೆ ಮೋದಿನಸಾಬನ ತಂಗಿಯ ಮಗ. ಬಸವನ ಬಾಗೇವಾಡಿಯಲ್ಲಿ ಅವನು ಟಾಯರಿನ ಅಂಗಡಿ ಇಟ್ಟು ಐದು ವರ್ಷವಾಗಿತ್ತು. ಸೋದರಮಾವ ಗ್ಯಾರೇಜಿನಲ್ಲಿ ಕೂತು ಟಾಯರು ಸವೆದಿದೆ ಎನ್ನುವುದು, ಅಳಿಯ ಅಂಗಡಿಯಲ್ಲಿ ಕೂತು ಹೊಸದು ಮಾರುವುದು. ಇಷ್ಟು ಸರಳವಾದ ವ್ಯವಹಾರ ತನಗೆ ಇದುವರೆಗೆ ಹೊಳೆಯದೇ ಇದ್ದದ್ದಕ್ಕೆ ಸಿದ್ದಾರೂಢನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅವನು ಹೂವಿನ ಹಿಪ್ಪರಗಿ ಸುತ್ತಿನ ಹಳ್ಳಿಗಳಿಗೆ ಪಶು ಪರೀಕ್ಷಕ. ಅನುಮಾನ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಬಂದದ್ದು. ನಾಲ್ಕು ದಿನದಿಂದ ಮೇವು ಬಿಟ್ಟ ಆಕಳನ್ನು ತೋರಿಸಿ "ನಿನ್ನಿ ಸಂಜಿಂದರಿ" ಎನ್ನುವವರು, ಊರಿನ ಔಷಧವನ್ನೆಲ್ಲ ಕುಡಿಸಿ ಮುಗಿಸಿ "ಏನೂ ಹಾಕಿಲ್ರಿ" ಎನ್ನುವವರು, ಸತ್ತ ಎಮ್ಮೆಯ ಕಿವಿಗೆ ಬೇರೆ ಎಮ್ಮೆಯ ವಿಮೆಯ ಬಿಲ್ಲೆ ಚುಚ್ಚಿ ಸಹಿ ಕೇಳುವವರು, ಇವರೆಲ್ಲರ ನಡುವೆ ಹತ್ತೊಂಬತ್ತು ವರ್ಷ ತಿರುಗಿದವನು. ಮನುಷ್ಯರ ಮಾತನ್ನು ಬಿಟ್ಟು ದನದ ಕಣ್ಣು, ಸೆಗಣಿ, ಮೈಬಿಸಿ ಇಷ್ಟನ್ನೇ ನಂಬುವುದು ಅವನಿಗೆ ರೂಢಿಯಾಗಿತ್ತು. ಅವನ ಹೆಂಡತಿ ರಾಜಶ್ರೀ ಬಾಗೇವಾಡಿಯಲ್ಲೇ ಶಾಲೆಯ ಟೀಚರು. "ನಿಮಗ ಗುಡ್ಯಾಗ ಪ್ರಸಾದ ಕೊಟ್ರೂ ತೂಕಾ ಮಾಡಿ ತಗೋತೀರಿ" ಎಂದು ಅವಳು ನಗುತ್ತಿದ್ದಳು.

ಆದರೂ ಸಾಹಿಲನ ಅಂಗಡಿಗೆ ಹೋದ. ಸಾಹಿಲ ಎರಡು ಟಾಯರು ಇಳಿಸಿ ಮುಂದಿಟ್ಟ. ಒಂದು ಹೆಸರಾಂತ ಕಂಪನಿಯದು, ಎರಡು ಸಾವಿರದ ಆರುನೂರು. ಇನ್ನೊಂದರ ಹೆಸರು ಸಿದ್ದಾರೂಢ ಕೇಳಿರಲೇ ಇಲ್ಲ, ಅದಕ್ಕೆ ಸಾವಿರದ ಮುನ್ನೂರು.

"ದೊಡ್ಡದನ್ನ ಒಯ್ಯಿರಿ ಸರ್" ಎಂದ ಸಾಹಿಲ, ಅದರ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ತೋರಿಸಿದ. "ಮೊದಲಿನ ಎರಡು ವಾರ, ಕಡೀ ಎರಡು ವರ್ಷ. ಇದೇ ವರ್ಷದ ಎಂಟನೇ ವಾರದಾಗ ತಯಾರಾಗೇತಿ. ಹಳೇ ಸ್ಟಾಕ್ ಅಲ್ರಿ."

ಕೇಳದೆಯೇ ಇದನ್ನೇಕೆ ಹೇಳಿದ? ಸಂತೆಯಲ್ಲಿ ಎಮ್ಮೆ ಮಾರುವವನು "ಹಾಯೂದಿಲ್ರಿ" ಎಂದು ತಾನಾಗಿಯೇ ಹೇಳಿದರೆ ಸಿದ್ದಾರೂಢ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಇಲ್ಲಿಯೂ ಸರಿದ. ನಾಳೆ ಬರುತ್ತೇನೆ ಎಂದು ಎದುರಿನ ಚಹಾದಂಗಡಿಯಲ್ಲಿ ಕೂತ. ಚಹಾ ಮುಗಿಯುವುದರೊಳಗೆ ಮೋದಿನಸಾಬ ಕೈ ಒರೆಸಿಕೊಳ್ಳುತ್ತ ಅಳಿಯನ ಅಂಗಡಿಗೆ ನಡೆದು ಬಂದ. ಸಾಹಿಲ ಗಲ್ಲೆಯಿಂದ ಮಡಚಿದ ನೋಟು ತೆಗೆದುಕೊಟ್ಟ. ಮೋದಿನಸಾಬ ಎಣಿಸಲಿಲ್ಲ, ಹಾಗೆಯೇ ಜೇಬಿಗಿಟ್ಟುಕೊಂಡ. ಎಣಿಸಬೇಕಿಲ್ಲದ ರೊಕ್ಕ ಎಂದರೆ ವಾಡಿಕೆಯ ರೊಕ್ಕ. ಸಿದ್ದಾರೂಢನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮುಂದಿನ ಎರಡು ವಾರ ಹೋದಲ್ಲೆಲ್ಲ ವಿಚಾರಿಸಿದ. ಕಡಿಮೆ ಬೆಲೆಯ ಸೋವಿ ಟಾಯರುಗಳನ್ನಷ್ಟೇ ಇಟ್ಟಿದ್ದ ಮುದ್ದೇಬಿಹಾಳದ ಅಂಗಡಿಯವನು, ದೊಡ್ಡ ಕಂಪನಿಯವರು ಬರೀ ಹೆಸರಿಗೆ ದುಡ್ಡು ತೆಗೆದುಕೊಳ್ಳುತ್ತಾರೆ ಎಂದ. ತರಬೇತಿಗೆಂದು ಇಂಡಿಗೆ ಹೋದಾಗ ಅಲ್ಲಿಯ ಮುದುಕನೊಬ್ಬ ತದ್ವಿರುದ್ಧ ಹೇಳಿದ: "ಸೋವಿ ಟಾಯರ್ ಕಲ್ಲಿದ್ದಂಗ ಇರ್ತೈತಿ. ಲಗೂನ ಸವಿಯೂದಿಲ್ಲ, ಖರೆ. ಆದ್ರ ಹಸಿ ರಸ್ತಾದಾಗ ನೆಲಾ ಹಿಡಿಯೂದಿಲ್ಲ." ಆ ಮುದುಕನ ಅಂಗಡಿಯಲ್ಲಿ ದುಬಾರಿ ಟಾಯರುಗಳೇ ಸಾಲಾಗಿ ತೂಗಾಡುತ್ತಿದ್ದವು. ಸಿಂದಗಿಯ ಧರ್ಮರಾಜನ ಅಂಗಡಿಯಲ್ಲಿ ಮಾತ್ರ ಎರಡೂ ಇದ್ದವು.

"ಎರಡೂ ಒಂದ ಫ್ಯಾಕ್ಟರ್ಯಾಗ ಆಗ್ತಾವ್ರಿ. ಛಾಪಾ ಅಷ್ಟ ಬ್ಯಾರೆ" ಎಂದ ಧರ್ಮರಾಜ. "ನಿಮಗಂತ ಹನ್ನೆರಡು ನೂರಕ್ಕ ಕೊಡ್ತೇನಿ."

ಇದನ್ನೂ ಸಿದ್ದಾರೂಢ ನಂಬಲಿಲ್ಲ. ಆದರೆ ಅವನ ಲೆಕ್ಕ ಬೇರೆ ಇತ್ತು. ಸಾಹಿಲ, ಧರ್ಮರಾಜ ಇಬ್ಬರೂ ಸುಳ್ಳುಗಾರರೇ ಆಗಿದ್ದರೆ, ಕಡಿಮೆ ರೊಕ್ಕಕ್ಕೆ ಮೋಸ ಹೋಗುವುದು ಮೇಲು. ಟಾಯರನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಾಗೇವಾಡಿಗೆ ಬಂದ.

ಹಾಕಿಸಲು ಮತ್ತೆ ಮೋದಿನಸಾಬನ ಹತ್ತಿರವೇ ಹೋಗಬೇಕಾಯಿತು. ಅವನು ಟಾಯರನ್ನು ತಿರುಗಿಸಿ ತಿರುಗಿಸಿ ನೋಡಿ, ಗಾಲಿ ಬಿಚ್ಚತೊಡಗಿದ. ಸಿದ್ದಾರೂಢ ಸ್ಟೂಲು ಎಳೆದುಕೊಂಡು ಎದುರಿಗೇ ಕೂತು, ಒಂದೊಂದು ನಟ್ಟು ಬಿಗಿಯುವುದನ್ನೂ ನೋಡಿದ.

"ಏನ್ ಸಾಹೇಬ್ರ, ಕಾವಲಾ ಕುಂತಂಗ ಕುಂತೀರಿ?"

"ಸುಮ್ನ. ಟೈಮ್ ಐತಿ."

"ಹೊಸಾ ಟಾಯರ್ ಮ್ಯಾಲ ಜಾರಕಿ ಇರ್ತೈತಿ. ಒಂದ್ ನೂರು ಕಿಲೋಮೀಟರ್ ಹಗೂರ ಹೋಗ್ರಿ. ಮಳ್ಯಾಗ ಅಂತೂ ಓಡಸಬ್ಯಾಡ್ರಿ."

ನಾಳೆ ಏನಾದರೂ ಆದರೆ ಹೇಳಿದ್ದೆನಲ್ಲ ಎನ್ನಲು ಈಗಲೇ ದಾರಿ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡ ಸಿದ್ದಾರೂಢ.

ಜೂನ್ ಎರಡನೆಯ ವಾರದಲ್ಲಿ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಮುದ್ದೇಬಿಹಾಳ ರಸ್ತೆಯ ಕಡೆಯ ತೋಟದ ವಸ್ತಿಯಿಂದ ರುಕ್ಮವ್ವನ ಫೋನು ಬಂತು. ಎಮ್ಮೆ ಈಯಲಾರದೆ ಒದ್ದಾಡುತ್ತಿದೆ, ಮಗ ಊರಲ್ಲಿಲ್ಲ ಎಂದಳು. ಸಿದ್ದಾರೂಢ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಮಳೆ ಆಗಷ್ಟೇ ನಿಂತಿತ್ತು. ಹೊಲದಿಂದ ಏರಿ ಬಂದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆಲ್ಲ ಎರೆಮಣ್ಣು ಮೆತ್ತಿ ಹೋಗಿದ್ದವು. ಹಳ್ಳದ ಸೇತುವೆಯ ತಿರುವಿನಲ್ಲಿ ಎದುರಿಗೆ ಕುರಿಹಿಂಡು ಕಂಡಿತು. ಬ್ರೇಕು ಒತ್ತಿದ. ಹಿಂದಿನ ಗಾಲಿ ಅವನನ್ನು ಕೇಳದೆ ಪಕ್ಕಕ್ಕೆ ಹೊರಟಿತು. ಮರುಗಳಿಗೆಗೆ ಅವನು ರಸ್ತೆಯ ಅಂಚಿನಲ್ಲಿ ಬಲಗೈ ಮೇಲೆ ಬಿದ್ದಿದ್ದ.

ಬೈಕು ಮಗ್ಗುಲಾಗಿ ಬಿದ್ದು ಹಿಂದಿನ ಗಾಲಿ ಇನ್ನೂ ನಿಧಾನವಾಗಿ ತಿರುಗುತ್ತಿತ್ತು. ನೋವಿನಲ್ಲಿ ಹಲ್ಲು ಕಚ್ಚಿ ಅದನ್ನೇ ನೋಡುತ್ತಿದ್ದವನಿಗೆ ಟಾಯರಿನ ಪಕ್ಕೆಯ ಮೇಲೆ ಒಂದು ಬಾಣದ ಗುರುತು ಕಂಡಿತು. ಗಾಲಿ ಒಂದು ಕಡೆಗೆ ತಿರುಗುತ್ತಿತ್ತು, ಬಾಣ ಇನ್ನೊಂದು ಕಡೆಗೆ ಮುಖ ಮಾಡಿತ್ತು. ಉಲ್ಟಾ ಹಾಕಿದ್ದಾನೆ! ತನ್ನ ಕಣ್ಣೆದುರೇ, ತಾನು ಸ್ಟೂಲು ಹಾಕಿಕೊಂಡು ಕೂತಿದ್ದಾಗಲೇ ಉಲ್ಟಾ ಹಾಕಿ ಕಳಿಸಿದ್ದಾನೆ. ಅಳಿಯನ ಮಾಲು ಕೊಳ್ಳದಿದ್ದುದಕ್ಕೆ ತೀರಿಸಿಕೊಂಡ ಸೇಡು. ಕೈನೋವಿಗಿಂತ ಆ ಸಿಟ್ಟೇ ಹೆಚ್ಚಾಗಿ ಉರಿಯಿತು.

ಹಿಂದಿನಿಂದ ಬಂದ ಟ್ರ್ಯಾಕ್ಟರು ನಿಂತಿತು. ಓಡಿಸುತ್ತಿದ್ದವನು ಬಸವಂತರಾಯ, ರುಕ್ಮವ್ವನ ಮೈದುನ. "ಅಯ್ಯ, ಡಾಕ್ಟರ್ರು! ಬಾಗೇವಾಡಿಗಿ ದವಾಖಾನಿಗಿ ಹೋಗೂಣ್ರಿ."

"ಮೊದಲ ಎಮ್ಮಿ ನೋಡೂಣು ನಡಿ" ಎಂದ ಸಿದ್ದಾರೂಢ.

ಕೊಟ್ಟಿಗೆಗೆ ಬರುವಷ್ಟರಲ್ಲಿ ಮಣಿಕಟ್ಟು ಬಾತು ಬೆರಳು ಮಡಚಲು ಬಾರದಂತಾಗಿತ್ತು. ಎಮ್ಮೆ ಕಾಲು ಚಾಚಿ ಮಲಗಿ ಏದುಸಿರು ಬಿಡುತ್ತಿತ್ತು. ಕರುವಿನ ಒಂದು ಕಾಲು, ಮೂಗಿನ ತುದಿ ಕಾಣುತ್ತಿದ್ದವು.

"ನೀರ ಎಷ್ಟೊತ್ತಿಗೆ ಒಡೀತು?"

"ಹನ್ನೊಂದಕ್ಕರಿ. ಎರಡು ತಾಸು ನಾನ ನೋಡಿದೆ, ತಾನಾಗಿ ಆದೀತಂತ. ನಂದ ತಪ್ಪು." ರುಕ್ಮವ್ವ ನೇರವಾಗಿ ಹೇಳಿಬಿಟ್ಟಳು. ಇಂಥ ಉತ್ತರ ಕೇಳಿ ರೂಢಿಯಿಲ್ಲದ ಸಿದ್ದಾರೂಢ ಒಂದು ಕ್ಷಣ ಅವಳ ಮುಖ ನೋಡಿದ.

"ನನ್ನ ಕೈ ನಡಿಯೂದಿಲ್ಲವ್ವಾ. ಬಸವಂತರಾಯನ ಕೈ ದೊಡ್ಡದಾತು. ನೀನ ಒಳಗ ಕೈ ಹಾಕಬೇಕು."

ಅವಳು ಸೆರಗು ಸಿಕ್ಕಿಸಿ, ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದು, ಎಣ್ಣೆ ಸವರಿಕೊಂಡು ಕೂತಳು. ಕೈ ಒಳಗೆ ಹೋಗುತ್ತಿದ್ದಂತೆ ಅವಳ ಕಣ್ಣು ಮುಚ್ಚಿತು.

"ತಲಿ ಐತಿ... ಇನ್ನೊಂದು ಕಾಲ ಸಿಗವಲ್ದು... ಹಾಂ, ಸಿಕ್ತು. ಹಿಂದಕ್ಕ ಮಡಚೇತಿ."

"ಅದು ಮುಂಗಾಲೋ ಹಿಂಗಾಲೋ ನೋಡು. ಗೊರಸಿನ ಮ್ಯಾಲಿನ ಕೀಲು, ಅದರ ಮ್ಯಾಲಿನ ಕೀಲು, ಎರಡೂ ಒಂದ ಕಡೆ ಬಾಗ್ತಾವೇನು?"

"ಒಂದ ಕಡೇರಿ."

"ಖರೇನ? ಮತ್ತೊಮ್ಮಿ ನೋಡು."

"ನನ್ನ ಕೈಯಾಗ ಐತ್ರಿ, ಸುಳ್ಳ ಯಾಕ ಹೇಳ್ಲಿ?"

ಎರಡೂ ಒಂದೇ ಕಡೆ ಬಾಗಿದರೆ ಮುಂಗಾಲು. ಹಾಗಲ್ಲದೆ ಅದು ಒಳಗಿರಬಹುದಾದ ಇನ್ನೊಂದು ಅವಳಿ ಕರುವಿನ ಹಿಂಗಾಲಾಗಿದ್ದು, ಅದನ್ನು ಎಳೆದರೆ ಎಮ್ಮೆಯೂ ಉಳಿಯುವುದಿಲ್ಲ. ನೋಡಲು ತನ್ನ ಕೈಯಿಲ್ಲ, ಅವಳ ಮಾತಷ್ಟೇ ಇದೆ.

"ಹಂಗಾರ ಮುಂಗಾಲು. ಬ್ಯಾನಿ ನಿಂತಾಗ ತಲಿ ಒಳಗ ನೂಕು. ಗೊರಸನ್ನ ಅಂಗೈಯಾಗ ಮುಚ್ಚಿ ಹಿಡಿ, ಒಳಗ ಪರಚಬಾರದು. ಈಗ ಹಗೂರ ಮುಂದಕ್ಕ ತಾ."

ಅರ್ಧ ತಾಸು ಹಿಡಿಯಿತು. ಎರಡನೆಯ ಗೊರಸು ಹೊರಗೆ ಕಂಡಾಗ ಬಸವಂತರಾಯ ಹಗ್ಗ ಹಾಕಿ, ಸಿದ್ದಾರೂಢ ಹೇಳಿದಂತೆ ಎಮ್ಮೆ ತಿಣುಕಿದಾಗ ಮಾತ್ರ ಎಳೆದ. ಹೆಣ್ಣುಗರು ಜಾರಿ ಹುಲ್ಲಿನ ಮೇಲೆ ಬಿತ್ತು. ಮೂಗಿನ ಲೋಳೆ ಒರೆಸಿದ ಮೇಲೆ ಒಮ್ಮೆ ಸೀನಿತು. ರುಕ್ಮವ್ವ ಅಳುತ್ತ ನಗುತ್ತ ಎಣ್ಣೆಗೈಯಲ್ಲೇ ಸಿದ್ದಾರೂಢನ ಎಡಗೈ ಹಿಡಿದುಕೊಂಡಳು.

ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು. ಪ್ಲಾಸ್ಟರು ಹಾಕಿಸಿಕೊಂಡ ಮೂರನೆಯ ದಿನ ಬಸವಂತರಾಯ ಬೈಕನ್ನು ಟ್ರ್ಯಾಲಿಯಲ್ಲಿ ಹಾಕಿಕೊಂಡು ಬಂದ. ಅದನ್ನು ನೇರವಾಗಿ ಗ್ಯಾರೇಜಿನಲ್ಲೇ ಇಳಿಸಲು ಹೇಳಿ ಸಿದ್ದಾರೂಢ ತಾನೂ ಹೋದ.

"ಮೋದಿನಸಾಬ, ಟಾಯರ್ ಉಲ್ಟಾ ಹಾಕೀದಿ. ಬಾಣಾ ನೋಡು."

ಮೋದಿನಸಾಬನ ಮುಖ ಕಪ್ಪಿಟ್ಟಿತು. ಒದ್ದೆ ಬಟ್ಟೆ ತಂದು ಟಾಯರಿನ ಪಕ್ಕೆಗೆ ಒಣಗಿ ಅಂಟಿದ್ದ ಎರೆಮಣ್ಣು ತೊಳೆದ. ಮೊದಲಿನ ಬಾಣದಿಂದ ಗೇಣುದ್ದದಲ್ಲಿ ಇನ್ನೊಂದು ಬಾಣ ಕಂಡಿತು, ಅದಕ್ಕೆ ವಿರುದ್ಧ ದಿಕ್ಕಿನದು. ಎರಡರ ಕೆಳಗೂ ಸಣ್ಣ ಅಕ್ಷರ ಉಬ್ಬಿದ್ದವು.

"ಓದ್ರಿ. ನೀವ ಓದ್ರಿ."

ಸಿದ್ದಾರೂಢ ಬಗ್ಗಿ ಓದಿದ. ಒಂದರ ಕೆಳಗೆ ಮುಂದಿನ ಗಾಲಿಗೆ, ಇನ್ನೊಂದರ ಕೆಳಗೆ ಹಿಂದಿನ ಗಾಲಿಗೆ ಎಂದಿತ್ತು.

"ಈ ಜಾತಿ ಟಾಯರ್ ಎರಡೂ ಕಡಿ ಬರ್ತೈತಿ. ಮುಂದ ಹಾಕಿದ್ರ ಹಿಂಗ, ಹಿಂದ ಹಾಕಿದ್ರ ಹಂಗ. ನಾ ಬರೋಬರಿ ಹಾಕೇನಿ."

ಸಿದ್ದಾರೂಢನ ಕಿವಿ ಬಿಸಿಯಾಯಿತು. ಆದರೂ ಬಿಡಲಿಲ್ಲ. "ಸಾಹಿಲ ನಿನಗ ಕಮಿಷನ್ ಕೊಡ್ತಾನೋ ಇಲ್ಲೋ? ನಾ ಕಣ್ಣಾರೆ ನೋಡೇನಿ."

"ಕೊಡ್ತಾನ. ಮುಚ್ಚಿಡೂದೇನೈತಿ?" ಮೋದಿನಸಾಬ ಬಟ್ಟೆ ಹಿಂಡಿದ. "ದೊಡ್ಡ ಕಂಪನೀದಕ್ಕ ಐವತ್ತು. ನೀವು ತಂದ ಇಂಥಾದಕ್ಕ ಇನ್ನೂರು. ಸೋವಿ ಮಾಲಿನಾಗ ಅಂಗಡಿಯವ್ರಿಗೆ ಭಾಳ ಉಳೀತೈತಿ. ನನಗ ರೊಕ್ಕಾನ ಬೇಕಾಗಿದ್ರ ನಿಮಗ ಇದನ್ನ ಹಾಕ್ರಿ ಅಂತಿದ್ದೆ."

ಸಿದ್ದಾರೂಢನ ಅನುಮಾನ ಸುಳ್ಳಾಗಿರಲಿಲ್ಲ. ಆದರೆ ಅದನ್ನು ಇಟ್ಟುಕೊಂಡು ಅವನು ನಡೆದ ದಿಕ್ಕೇ ತಪ್ಪಾಗಿತ್ತು. ಕಡೆಗೆ ಕೇಳಿದ: "ಇದಕ್ಕ ಬದಲಿ ಅದು ಇದ್ದಿದ್ರ ನಾ ಬೀಳ್ತಿದ್ದಿಲ್ಲೇನು?"

"ಎಷ್ಟರಾಗ ಹೊಂಟಿದ್ರಿ?"

"ಐವತ್ತು... ಐವತ್ತೈದು."

"ಹಸಿ ಎರಿ ಮ್ಯಾಲ ಐವತ್ತೈದರಾಗ ಬ್ರೇಕ್ ಹಿಡದ್ರ ಎಂಥಾದೂ ಜಾರ್ತೈತಿ ಸಾಹೇಬ್ರ. ಅದು ಒಂದೀಟು ಜಾಸ್ತಿ ನೆಲಾ ಹಿಡೀತಿತ್ತು, ಅಷ್ಟ. ಬೀಳ್ತಿದ್ದಿಲ್ಲ ಅಂತ ಆಣಿ ಮಾಡಿ ಹೇಳಾಕ ಬರೂದಿಲ್ಲ."

ಸಿದ್ದಾರೂಢ ಅವನನ್ನೇ ನೋಡಿದ. ಮಾರುವವನಾಗಿದ್ದರೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಕೈ ಮುರಿದುಕೊಂಡ ಗಿರಾಕಿ ಎದುರಿಗೇ ನಿಂತಿದ್ದಾನೆ. ಹೌದು, ಟಾಯರಿಂದಲೇ ಬಿದ್ದಿರಿ ಎಂದಿದ್ದರೆ ಸಾಕಿತ್ತು, ವ್ಯಾಪಾರ ಕುದುರುತ್ತಿತ್ತು. ಈ ಮನುಷ್ಯ ಅದನ್ನು ಹೇಳಲಿಲ್ಲ. ಹತ್ತೊಂಬತ್ತು ವರ್ಷದ ಅನುಮಾನವೆಲ್ಲ ಸೇರಿ ಹುಡುಕಿದರೂ ಆ ಮಾತಿನಲ್ಲಿ ಲಾಭದ ಸುಳಿವು ಸಿಗಲಿಲ್ಲ.

"ದೊಡ್ಡ ಕಂಪನೀದು ತರಿಸಿ ಹಾಕು" ಎಂದ. "ತಪ್ಪ ತಿಳಕೋಬ್ಯಾಡ" ಎಂದು ಸೇರಿಸಿದ.

"ತಿಳಕೊಂಡೇನಿ" ಎಂದ ಮೋದಿನಸಾಬ, ನಗದೆ. "ಎರಡು ದಿನಾ ಬಿಟ್ರ ಸಿಟ್ಟು ಹೋಗ್ತೈತಿ. ಕುಂದರ್ರಿ, ಚಾ ತರಸ್ತೇನಿ."

ಮನೆಗೆ ಬಂದು ನಡೆದದ್ದೆಲ್ಲ ಹೇಳಿದಾಗ ರಾಜಶ್ರೀ ಅವನ ಪ್ಲಾಸ್ಟರಿನ ಕೈ ಕೆಳಗೆ ದಿಂಬು ಇಟ್ಟಳು.

"ಹಂಗಾದ್ರ ಈ ಸಲಾನೂ ಕಮಿಷನ್ ತಗೊಂಡಿರ್ತಾನ?"

"ತಗೊಂಡಿರ್ತಾನ. ಐವತ್ತು."

"ಮತ್ತ?"

"ತಗೊಳ್ಳಲಿ ಬಿಡು" ಎಂದ ಸಿದ್ದಾರೂಢ.