ಸೊಸೆ ಕೇಳಿದ ದಪ್ಪ ಲೈಟು

ನಮ್ಮ ಅಂಗಡಿಗೆ ಬರುವ ಪೆದ್ದರೆಲ್ಲ ಮೊದಲು ಕೈ ಹಾಕುವುದು ಆ ದಪ್ಪ ಲೈಟಿಗೇ. ನೀರೊಳಗೆ ಫೋಟೋ ತೆಗೆಯುವವರಿಗೆಂದು ತರಿಸಿಟ್ಟದ್ದು. ಗುಂಡಿ ಒತ್ತಿದರೆ ಇಡೀ ಅಂಗಡಿ ಬೆಳ್ಳಗಾಗುತ್ತದೆ, ಕೊಳ್ಳಲು ಬಂದವನ ಮುಖ ಅರಳುತ್ತದೆ. ಗುಹೆಗೆ ಇಳಿಯುವವರು ಅದನ್ನು ಕೇಳಿದರೆ ನಾನು ಮಾರುವುದಿಲ್ಲ, ಬೈದು ಕಳಿಸುತ್ತೇನೆ. ಅಂಥ ಲೈಟನ್ನು ಅವತ್ತು ನನ್ನ ಸೊಸೆ ಗಾಜಿನ ಕಪಾಟಿನಿಂದ ತಾನೇ ತೆಗೆದು, "ನಾಳೆಗೆ ನಂಗಿದು ಬೇಕು ಅತ್ತೆ" ಅಂದಳು.

ಅವಳು ಪೆದ್ದಿಯಲ್ಲ. ಅದಕ್ಕೇ ನನಗೆ ಮೈ ಉರಿದದ್ದು.

ಮೊದಲೇ ಹೇಳಿಬಿಡುತ್ತೇನೆ, ನನಗೂ ಅವಳಿಗೂ ಎಣ್ಣೆ ಸೀಗೇಕಾಯಿ. ಗಂಡ ಸತ್ತ ಮೇಲೆ ಈ ಡೈವಿಂಗ್ ಅಂಗಡಿಯನ್ನು ಒಬ್ಬಳೇ ನಡೆಸಿದವಳು ನಾನು. ಮಗನ ಕೈ ಹಿಡಿದು ನೀರಿಗಿಳಿಸಿ ಕಲಿಸಿದವಳೂ ನಾನೇ, ಈಗಲೂ ವಾರಕ್ಕೊಮ್ಮೆ ಇಳಿಯುತ್ತೇನೆ. ಈ ಮಹಾರಾಯ್ತಿ ಬಂದಳು, ನೋಡನೋಡುತ್ತ ನನ್ನ ಮಗನನ್ನೇ ಮೀರಿಸಿದಳು. ಗುಹೆಯೊಳಗೆ ದಾರಿಹಗ್ಗ ಕಟ್ಟುವುದರಲ್ಲಿ ಅವಳ ಕೈ ನನ್ನ ಕೈಗಿಂತ ಚೆನ್ನ. ಹೇಳಲು ನಾಲಿಗೆ ಸುಡುತ್ತದೆ, ಆದರೆ ನಿಜ. ಊರಾಚೆ ನೀರು ತುಂಬಿದ ಗುಹೆಯೊಂದಿದೆ. ನಮ್ಮಲ್ಲಿ ಕಲಿಯಲು ಬರುವವರು ಅದರೊಳಗೆ ಕಟ್ಟಿದ ಹಗ್ಗ ಹಿಡಿದೇ ವಾಪಸ್ ಬರಬೇಕು. ಆ ಹಗ್ಗ ಸವೆದಿತ್ತು. ಅದನ್ನು ಬದಲಿಸಲು ಮರುದಿನ ಬೆಳಿಗ್ಗೆ ಅವಳು ಮುಂದೆ, ನನ್ನ ಮಗ ಹಿಂದೆ ಹೋಗುವುದೆಂದು ಆಗಿತ್ತು.

"ಅದು ಫೋಟೋದವರ ಲೈಟು ಕಣೇ. ಇಡು ವಾಪಸ್ಸು."

"ನಂಗಿದೇ ಬೇಕು."

"ಮಂಜಲ್ಲಿ ಕಾರಿನ ದೊಡ್ಡ ಲೈಟ್ ಹಾಕಿದ್ರೆ ಏನಾಗುತ್ತೆ, ಹೇಳು."

"ಎದುರಿಗೆ ಬಿಳೀ ಗೋಡೆ ಎದ್ದಂಗಾಗುತ್ತೆ. ಕೆಸರು ಕದಡಿದ್ರೆ ನೀರಲ್ಲೂ ಹಂಗೇ ಆಗುತ್ತೆ. ಗೊತ್ತು ಅತ್ತೆ."

ಗೊತ್ತಂತೆ! ಗೊತ್ತಿದ್ದೂ ಕೇಳುವವಳಿಗೆ ಏನು ಹೇಳುವುದು? ಕೌಂಟರಿನ ಆಚೆ ಸ್ಟೂಲಿನ ಮೇಲೆ ಕೂತಿದ್ದ ಮಗ ನಕ್ಕ. "ಬಿಡಮ್ಮ, ಗೋರ್ಕಲ್ಲ ಮೇಲೆ ಮಳೆ ಸುರಿದಂಗೆ. ನನ್ನ ಮಾತೇ ಕೇಳದೋಳು ನಿನ್ನ ಮಾತು ಕೇಳ್ತಾಳಾ?"

ಅವನು ನನ್ನ ಪರ ಮಾತಾಡಿದ್ದಕ್ಕೆ ನನಗೆ ಖುಷಿಯಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು. ಅವನದೂ ಒಂದು ಚಾಳಿ ಇದೆ: ಮನೆಗೆ ಬೆಂಕಿ ಬಿದ್ದವನ ಹಾಗೆ "ಅಮ್ಮಾ!" ಎಂದು ಅರಚುತ್ತಾನೆ, ಎದ್ದೆನೋ ಬಿದ್ದೆನೋ ಎಂದು ಓಡಿದರೆ ಟವೆಲು ಸಿಕ್ಕಿರುವುದಿಲ್ಲ. ಅವರಪ್ಪನದೂ ಇದೇ ಗಂಟಲು. ನಾನು ಬೈದುಕೊಂಡೇ ಟವೆಲು ಹುಡುಕಿ ಕೊಡುತ್ತೇನೆ.

ಗುಹೆಗೆ ಬೇಕಾದದ್ದು ಚೂಪು ಬೆಳಕಿನ ಲೈಟು. ಬ್ಯಾಟರಿ ಡಬ್ಬಿ ಸೊಂಟದಲ್ಲಿ, ಬಲ್ಬಿರುವ ಬುರುಡೆ ಮಾತ್ರ ಕೈಯಲ್ಲಿ. ಬೆಳಕು ಕೋಲಿನ ಹಾಗೆ ನೆಟ್ಟಗೆ ಹೋಗಿ ಗೋಡೆಯ ಮೇಲೊಂದು ಬೊಟ್ಟಿಡುತ್ತದೆ. ನೀರೊಳಗೆ ಮಾತಿಲ್ಲ, ಆ ಬೊಟ್ಟೇ ಮಾತು. ಹಿಂದಿನವನು ಅದನ್ನು ಮುಂದಿನವಳ ಕಣ್ಣೆದುರಿನ ಗೋಡೆಗೆ ಬಿಟ್ಟು ನಿಧಾನ ಸುತ್ತಿಸಿದರೆ 'ಎಲ್ಲ ಸರಿ' ಎಂದರ್ಥ. ಮೆಲ್ಲಗೆ ಅತ್ತಿತ್ತ ಆಡಿಸಿದರೆ 'ಇಲ್ಲಿ ನೋಡು'. ಬಿರಬಿರನೆ ಬೀಸಿದರೆ 'ಸಾಯ್ತಿದ್ದೀನಿ, ಬಾ'. ಮುಂದಿನವಳ ಕೈಯಲ್ಲಿ ಈ ದಪ್ಪ ಲೈಟಿನ ಅಗಲ ಬೆಳಕಿದ್ದರೆ ಹಿಂದಿನವನ ಬೊಟ್ಟು ಅದರಲ್ಲಿ ಕರಗಿಹೋಗುತ್ತದೆ. ಅವನು ಹಿಂದೆ ಗಾಳಿಯಿಲ್ಲದೆ ಒದ್ದಾಡಿದರೂ ಅವಳು ಹಗ್ಗ ಕಟ್ಟುತ್ತ ಮುಂದೆ ಹೋಗುತ್ತಿರುತ್ತಾಳೆ. ಆ ಹಿಂದಿನವನು ನನ್ನ ಮಗ. ನನಗಿರುವುದು ಒಬ್ಬನೇ.

"ನಡೀರಿ ಒಳಗೆ, ಇಬ್ರೂ" ಅಂದೆ. "ಬಾಯಲ್ಲಿ ಹೇಳಿದ್ದು ತಲೆಗೆ ಹೋಗಲ್ಲ ಅಂದ್ರೆ ಕಣ್ಣಿಗೇ ತೋರಿಸ್ತೀನಿ."

ಅಂಗಡಿಯ ಹಿಂದೆ ಕಿಟಕಿಯಿಲ್ಲದ ಉಗ್ರಾಣ. ಎರಡೂ ಬದಿಗೆ ಗಾಳಿ ತುಂಬಿದ ಸಿಲಿಂಡರುಗಳು, ಮೇಲೆ ತೂಗುಹಾಕಿದ ರಬ್ಬರ್ ಸೂಟುಗಳು, ನಡುವೆ ಒಬ್ಬರು ನಡೆಯುವಷ್ಟು ದಾರಿ. ಬಾಗಿಲು ಮುಚ್ಚಿದರೆ ಗವ್ವೆನ್ನುವ ಕತ್ತಲು. ಲೈಟುಗಳನ್ನು ನಾವು ಪರೀಕ್ಷೆ ಮಾಡುವುದೇ ಅಲ್ಲಿ. ನಾನು ಬಾಗಿಲ ಬಳಿ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂತೆ.

ಮೊದಲು ದಪ್ಪ ಲೈಟು. ಸೊಸೆ ಅದನ್ನು ಹಿಡಿದು ಮುಂದೆ ನಡೆದಳು, ಎದುರಿನ ಗೋಡೆ ಸುಣ್ಣ ಬಳಿದಂತೆ ಬೆಳ್ಳಗಾಯಿತು. ಮಗ ಹಿಂದಿನಿಂದ ಚೂಪು ಲೈಟು ಬಿಟ್ಟ. ಬೊಟ್ಟು ಎಲ್ಲಿ ಬಿತ್ತೆಂದು ಕೂತಿದ್ದ ನನಗೇ ಕಾಣಲಿಲ್ಲ.

"ಕಂಡ್ಯಾ? ಏನೂ ಕಾಣಲ್ಲ!" ಅಂದೆ.

"ಹೌದು, ಏನೂ ಕಾಣಲ್ಲ" ಅಂದಳು. ಅವಳ ದನಿಯಲ್ಲಿ ಏನೋ ನೆಮ್ಮದಿಯಿತ್ತು. ಮೈ ಇನ್ನಷ್ಟು ಉರಿಯಿತು.

"ಈಗ ಚೂಪು ಲೈಟು ಹಿಡ್ಕೋ. ನೀರಲ್ಲಿ ಹೋಗೋ ಹಾಗೇ ಹೋಗಿ, ಇಬ್ರೂ ಮಾತಾಡ್ಕೂಡ್ದು."

ಅವಳು ನಡೆದಳು, ಅವನು ಹಿಂಬಾಲಿಸಿದ. ಅವಳ ಬೊಟ್ಟು ಗೋಡೆಯ ಮೇಲೆ ಶಾಂತವಾಗಿ ಸಾಗುತ್ತಿತ್ತು. ಇದ್ದಕ್ಕಿದ್ದಂತೆ ಅವನ ಬೊಟ್ಟು ಅದರ ಪಕ್ಕ ಬಂದು ಬಿರಬಿರನೆ ಬೀಸಿತು. ಪೆಟ್ಟಿಗೆ ಉರುಳಿಸಿಕೊಂಡು ಎದ್ದುಬಿಟ್ಟೆ.

"ಏನಾಯ್ತೋ?"

"ಏನಿಲ್ಲಮ್ಮ. ಇವಳು ಎಡಕ್ಕೆ ವಾಲ್ತಿದ್ಲು, ಅದಕ್ಕೆ."

ಮತ್ತೆ ಕೂತೆ. ಇನ್ನೆರಡು ಹೆಜ್ಜೆ ಹೋಗಿರಲಿಲ್ಲ, ಮತ್ತೆ ಬಿರಬಿರ. "ಈಗೇನೋ?"

"ನಿಧಾನ ಹೋಗು ಅಂದೆ. ಹಿಂದಿರೋನು ಮನುಷ್ಯ ಅಲ್ವಾ?"

ಆಮೇಲೆ ಇನ್ನೊಂದು ಸಲ ಬೀಸಿದ. ಯಾಕೆಂದು ನಾನು ಕೇಳಲಿಲ್ಲ. ಸೊಸೆ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಗೋಡೆ ಮುಟ್ಟಿ, ಅಲ್ಲೇ ನಿಂತು, ಲೈಟು ಆಫ್ ಮಾಡಿ, ಕತ್ತಲಲ್ಲೇ ಮಾತಾಡಿದಳು.

"ಮೊದಮೊದ್ಲು ಪ್ರತಿ ಸಲವೂ ತಿರುಗ್ತಿದ್ದೆ ಅತ್ತೆ. ಇವ್ರ ಗಾಳಿ ಹೋಯ್ತೇನೋ ಅಂತ ಜೀವ ಬಾಯಿಗೆ ಬರ್ತಿತ್ತು. ತಿರುಗಿದ್ರೆ ಬೆರಳು ತೋರಿಸಿ ಬೈತಿರ್ತಾರೆ. ಗಂಟು ಸರಿಯಿಲ್ಲ, ಕಾಲು ಸರಿಯಿಲ್ಲ. ಈಗ ಕಂಡ್ರೂ ತಿರುಗಲ್ಲ, ತಿರುಗೋಕೆ ಮನಸ್ಸೇ ಬರಲ್ಲ. ಒಂದಿನ ಅದು ನಿಜ ಆಗುತ್ತೆ. ಅವತ್ತು ನೀವು ನನ್ನ ಕೇಳ್ತೀರ, ಕಾಣಿಸ್ಲಿಲ್ವಾ ಅಂತ. ದಪ್ಪ ಲೈಟಿದ್ರೆ ನಿಮ್ಮ ಮುಖ ನೋಡ್ಕೊಂಡೇ ಹೇಳ್ಬೋದು, ಕಾಣಿಸ್ಲಿಲ್ಲ ಅಂತ."

ಕೋಪ ನೆತ್ತಿಗೇರಿತು. ಗೋಡೆಯ ಸ್ವಿಚ್ಚು ಹಾಕಿ ಅವಳ ಮುಂದೆ ಹೋಗಿ ನಿಂತೆ. "ನನ್ನ ಮಗ ಸತ್ರೂ ನಿನ್ ಮೇಲೆ ಮಾತು ಬರ್ಬಾರ್ದು ಅಂತ ಲೈಟು ಹುಡುಕ್ತಿದ್ದೀಯೇನೇ, ಪಾಪಿ!" ಕೈ ಎತ್ತಿಯೂ ಬಿಟ್ಟೆ.

ಅವಳು ಕದಲಲಿಲ್ಲ. "ಹೊಡೀರಿ. ಆದ್ರೆ ಮೂರನೇ ಸಲ ನೀವೂ ಏಳ್ಲಿಲ್ಲ ಅತ್ತೆ."

ಎತ್ತಿದ ಕೈ ಅಲ್ಲೇ ನಿಂತಿತು. ನಿಜ. ಮೊದಲನೆಯದಕ್ಕೆ ಪೆಟ್ಟಿಗೆ ಉರುಳಿಸಿಕೊಂಡು ಎದ್ದವಳು ನಾನು, ಮೂರನೆಯದಕ್ಕೆ ಸೆರಗು ಸರಿಮಾಡಿಕೊಳ್ಳುತ್ತ ಕೂತಿದ್ದೆ. ಹೆತ್ತ ತಾಯಿ ನಾನು, ನನಗೇ ಅಷ್ಟು ಬೇಗ ಸಾಕಾಗಿಹೋಗಿತ್ತು. ಅವನು ಸಾಯುವುದು ಇವಳ ಲೈಟಿನಿಂದಲ್ಲ, ಸುಮ್ಮಸುಮ್ಮನೆ ಬೀಸುವ ತನ್ನ ಕೈಯಿಂದಲೇ ಎಂದು ಅವತ್ತು ನನಗೆ ಹೆದರಿಕೆಯಾಯಿತು.

ಮಗನ ಕಡೆ ತಿರುಗಿ ಅವನ ಕೈಯಲ್ಲಿದ್ದ ಲೈಟನ್ನು ಕಿತ್ತುಕೊಂಡೆ. "ನಾಳೆ ನೀನು ಇಳಿಯಲ್ಲ."

"ಏನಮ್ಮಾ! ಅವಳ ಮಾತು ಕಟ್ಕೊಂಡು..."

"ಅವಳ ಮಾತಿಗೆ ಬೆಂಕಿ ಹಾಕ. ನೀನು ಬದುಕಿರ್ಬೇಕು ಅಂತ ಹೇಳ್ತಿದ್ದೀನಿ. ಅವಳ ಹಿಂದೆ ನಾನು ಹೋಗ್ತೀನಿ."

ಸೊಸೆ ನನ್ನನ್ನೇ ದಿಟ್ಟಿಸಿದಳು. ಕೃತಜ್ಞತೆಯೇನೂ ಇರಲಿಲ್ಲ ಆ ಮುಖದಲ್ಲಿ, ನನಗದು ಬೇಕಾಗಿಯೂ ಇರಲಿಲ್ಲ. "ನೀವೂ ಬೈತೀರಲ್ಲ ಅತ್ತೆ" ಅಂದಳು.

"ಬೈತೀನಿ. ಮೇಲೆ ಬಂದ್ಮೇಲೆ, ಬಾಯಲ್ಲಿ ಬೈತೀನಿ, ಜನ್ಮ ಜಾಲಾಡ್ತೀನಿ. ಬೆಳಕಲ್ಲಿ ಬೈಯಲ್ಲ. ನಾನು ಬೀಸಿದೆ ಅಂದ್ರೆ ಸಾಯ್ತಿದ್ದೀನಿ ಅಂತಾನೇ ಅರ್ಥ."

ಅವಳು ದಪ್ಪ ಲೈಟನ್ನು ಎತ್ತಿಕೊಂಡು ಅಂಗಡಿಗೆ ನಡೆದಳು, ಕಪಾಟಿನಲ್ಲಿ ಅದರ ಜಾಗದಲ್ಲಿಟ್ಟಳು. ನಾನು ಹಿಂದೆಯೇ ಹೋದೆ. ಇಬ್ಬರೂ ಕೌಂಟರಿನ ಮುಂದೆ ನಿಂತು ಚೂಪು ಲೈಟುಗಳ ಮುಚ್ಚಳ ಬಿಚ್ಚಿ, ನೀರು ನುಗ್ಗದಂತೆ ತಡೆಯುವ ರಬ್ಬರ್ ಉಂಗುರಗಳನ್ನು ಒರೆಸಿ ನೋಡತೊಡಗಿದೆವು. ಅವಳು ಒರೆಸಿದ್ದನ್ನು ನಾನು ಮತ್ತೊಮ್ಮೆ ಒರೆಸಿದೆ. ನಾನು ಒರೆಸಿದ್ದನ್ನು ಅವಳೂ.

"ಅಮ್ಮಾ!" ಉಗ್ರಾಣದಿಂದ ಕೂಗು ಬಂತು. "ಅಮ್ಮಾ!"

ಮಗ ಶೆಲ್ಫಿನಿಂದ ಬೇರೊಂದು ಚೂಪು ಲೈಟು ತೆಗೆದುಕೊಂಡಿದ್ದ. ಅದರ ಬೊಟ್ಟು ನಮ್ಮ ಹೆಗಲ ಮೇಲಿನಿಂದ ಹಾದು, ಎದುರಿನ ಗೋಡೆಗೆ ಬಿದ್ದು, ನೇತುಹಾಕಿದ ಡೈವಿಂಗ್ ಕನ್ನಡಕಗಳ ಮೇಲೆ ಬಿರಬಿರನೆ ಅತ್ತಿತ್ತ ಬೀಸುತ್ತಿತ್ತು. ಸೊಸೆ ನೋಡಿದಳು. ನಾನೂ ನೋಡಿದೆ.

ಇಬ್ಬರೂ ತಿರುಗಲಿಲ್ಲ.