ಮಾಳಿಗೆ ಕೋಣೆಯ ಪರವಾನಗಿ

"ಕೊಟ್ಟೇಬಿಟ್ರು, ವಸೀಲಾ! ಸಹಿ, ಮೊಹರು, ಎಲ್ಲಾ ಸಮೇತ!"

"ಯಾರು? ಏನು ಕೊಟ್ರು?"

"ನಗರಸಭೆಯವರು! ಪರವಾನಗಿ! ಕೋಣೆಗೆ!"

ಫೋನಿನ ಆ ತುದಿಯಲ್ಲಿ ವಸೀಲಾ ಕೆಲಸ ಮಾಡುವ ಔಷಧದಂಗಡಿಯ ಗದ್ದಲ ಕೇಳಿಸಿತು. ಯಾರೋ ಕೆಮ್ಮಿದರು. ಯಾರೋ ಮಗುವಿನ ಜ್ವರದ ಔಷಧಿ ಕೇಳಿದರು.

"ಯಾವ ಕೋಣೆ?" ಎಂದಳು ವಸೀಲಾ.

ಶಾಧ್ಲಿಗೆ ನಗು ಬಂತು. ಎರಡು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಹೆಂಡತಿಯ ಮುಂದೆ ಅವನು ಆಡಿದ ಮಾತು ಆ ಕೋಣೆಯದೇ. ಈಗ ಯಾವ ಕೋಣೆಯಂತೆ! ಇರಲಿ. ಇವತ್ತು ಯಾರ ಮೇಲೂ ಸಿಟ್ಟಾಗುವ ದಿನವಲ್ಲ. ನಗರಸಭೆಯ ಮೆಟ್ಟಿಲ ಮೇಲೆ ನಿಂತು, ಪರವಾನಗಿಯನ್ನು ಬಿಸಿಲಿಗೆ ಹಿಡಿದು, ಮೊಹರಿನ ಶಾಯಿ ಒಣಗಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ನೋಡಿದ. ಒಣಗಿತ್ತು. ಆದರೂ ಊದಿದ.

ಮೆಟ್ಟಿಲ ಕೆಳಗೆ ಮಲ್ಲಿಗೆಯವನು ಮೊಗ್ಗುಗಳನ್ನು ಹುಲ್ಲುಕಡ್ಡಿಗೆ ಸುತ್ತುತ್ತಿದ್ದ. ಶಾಧ್ಲಿ ಒಂದು ಗೊಂಚಲು ಕೊಂಡು ಕಿವಿಯ ಮೇಲೆ ಸಿಕ್ಕಿಸಿಕೊಂಡ. ಮದುವೆಯಾದ ವಾರ ಸಿಕ್ಕಿಸಿಕೊಂಡದ್ದು ಬಿಟ್ಟರೆ ಇದೇ.

"ಯಾರದು ಮದುವೆ, ಸೀದಿ?" ಎಂದ ಮಲ್ಲಿಗೆಯವನು.

"ನಂದೇ" ಎಂದ ಶಾಧ್ಲಿ.

ಸಿದ್ರಾ ಓಣಿಯಲ್ಲಿ ಕೇಳಿ ಕಟ್ಟಿದವರಿಲ್ಲ. ಅಲ್ಲಿ ಕಟ್ಟುವ ಕಾಲ ಬಕ್ರೀದಿನ ರಜೆ. ನಗರಸಭೆಗೆ ಬೀಗ ಬೀಳುತ್ತಿದ್ದಂತೆ ಕುರಿ ಕಡಿದ ಕೈಯನ್ನು ತೊಳೆದುಕೊಂಡು ಜನ ಸಿಮೆಂಟು ಕಲಸುತ್ತಾರೆ. ರಜೆ ಮುಗಿದು ಬೀಗ ತೆಗೆಯುವ ಹೊತ್ತಿಗೆ ಗೋಡೆ ಎದ್ದು, ಸುಣ್ಣ ಬಳಿದು, ಒಳಗೆ ಯಾರೋ ನಿದ್ದೆ ಮಾಡುತ್ತಿರುತ್ತಾರೆ. ದೃಷ್ಟಿಗೆಂದು ಮೂಲೆಯಲ್ಲಿ ಒಂದು ಹಳೇ ಟೈರು ತೂಗುಹಾಕಿದರೆ ಆಯಿತು. ಕೆಟ್ಟ ಕಣ್ಣೂ ಬೀಳುವುದಿಲ್ಲ, ಸರಕಾರದ ಕಣ್ಣೂ ಬೀಳುವುದಿಲ್ಲ.

ಶಾಧ್ಲಿ ಮಾತ್ರ ಪರವಾನಗಿ ತೆಗೆದುಕೊಂಡೇ ಕಟ್ಟುತ್ತೇನೆ ಎಂದಿದ್ದ. ಹಾಗಂದ ದಿನ ಕಾಫಿಯಂಗಡಿಯಲ್ಲಿ ಕಟುಕ ಹಮ್ಮಾದಿ ಮೇಜು ಬಡಿದು ನಕ್ಕಿದ್ದ. "ಉಸಿರು ಬಿಡೋಕೂ ಒಂದು ಅರ್ಜಿ ಹಾಕಿ, ಸೀ ಶಾಧ್ಲಿ. ಬಿಟ್ಟಾದ್ಮೇಲೆ ದಂಡ ಬಿದ್ದೀತು!" ಅವತ್ತಿನಿಂದ ಶಾಧ್ಲಿಯ ಹೆಸರು ಪರವಾನಗಿ ಮೇಷ್ಟ್ರು. ಕಾಲೇಜಿನಲ್ಲಿ ಅವನು ತತ್ವಶಾಸ್ತ್ರ ಹೇಳುತ್ತಿದ್ದ. ಹುಡುಗರ ಪರೀಕ್ಷೆಗೆ ವರ್ಷ ವರ್ಷವೂ ಬರುವ ಪ್ರಶ್ನೆ, ಮನುಷ್ಯ ಸ್ವತಂತ್ರನೇ. ಉತ್ತರ ಅವನಿಗೆ ಬಾಯಿಪಾಠವಾಗಿ ಎಷ್ಟೋ ಕಾಲವಾಗಿತ್ತು.

ನಗರಸಭೆಯ ಕಿಟಕಿಯ ಮುಂದೆ ನಿಂತಾಗ ಅವನಿಗೆ ಬೇರೆಯೇ ಒಂದು ಸುಖ. ಮನೆಯ ಹಕ್ಕಿನ ಪತ್ರ ತಂದರೆ ನಕ್ಷೆ ಎಲ್ಲಿ ಎನ್ನುವರು. ನಕ್ಷೆ ತಂದರೆ ಪಕ್ಕದ ಗೋಡೆಯಿಂದ ಬಿಡಬೇಕಾದ ಜಾಗ ಸಾಲದು ಎನ್ನುವರು. ಅದನ್ನು ತಿದ್ದಿಸಿದರೆ ಎತ್ತರ. ಎತ್ತರ ಇಳಿಸಿದರೆ ಕಿಟಕಿ. ಪಕ್ಕದ ಮನೆಯ ಅಂಗಳ ಕಾಣುವ ಕಡೆ ಕಿಟಕಿ ಇಡುವುದಾದರೆ ಅದು ನಿಂತವನ ತಲೆಗಿಂತ ಮೇಲಿರಬೇಕು. ಓಣಿಯ ಮನೆಗಳು ಒಂದಕ್ಕೊಂದು ಒತ್ತಿಕೊಂಡಿದ್ದರಿಂದ ಅವನ ಮಾಳಿಗೆಗೆ ನಾಲ್ಕು ಕಡೆಯೂ ಪಕ್ಕದ ಮನೆಯೇ. ಹಾಗಾಗಿ ನಕ್ಷೆಯಲ್ಲಿ ಕಿಟಕಿಗಳೆಲ್ಲ ಸೂರಿನ ಹತ್ತಿರ ಹೋಗಿ ಕೂತವು. ಎಲ್ಲಿ ನಿಂತರೂ ಆಕಾಶ ಮಾತ್ರ. ಶಾಧ್ಲಿ ಖುಷಿಯಿಂದ ಒಪ್ಪಿದ್ದ. ಏನು ಕಡಿಮೆಯಾಗಿದೆ ಎಂದು ಅವರು ಸ್ಪಷ್ಟವಾಗಿ ಹೇಳುತ್ತಿದ್ದರು. ಹೇಳಿದ್ದನ್ನು ತಂದು ಕೊಡಬಹುದಿತ್ತು. ಬೇರೆ ಎಲ್ಲೂ ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ.

ಕಾಫಿಯಂಗಡಿಯ ಬಾಗಿಲಲ್ಲೇ ಹಮ್ಮಾದಿ ಎದ್ದು ನಿಂತ. ಸುದ್ದಿ ಶಾಧ್ಲಿಗಿಂತ ಮುಂಚೆ ಬಂದಿತ್ತು.

"ಮಬ್ರೂಕ್! ಶುಭವಾಗಲಿ! ಬನ್ನಿ, ಮಲ್ಲಿಗೆ ಬೇರೆ ಮುಡಿದಿದ್ದೀರಿ! ಏಯ್, ಮೇಷ್ಟ್ರಿಗೆ ಕಾಫಿ. ದುಡ್ಡು ಅವರ ಕೈಲಿ ಇಸ್ಕೊಂಡ್ರೆ ನೋಡು."

ಪರವಾನಗಿ ಮೇಜಿಂದ ಮೇಜಿಗೆ ಹೋಯಿತು. ಜನ ಅದನ್ನು ಅಂಚಿನಲ್ಲಿ ಹಿಡಿದು, ಆಗತಾನೇ ಹುಟ್ಟಿದ ಕೂಸಿನ ಹಾಗೆ ನೋಡಿದರು. ಶಾಧ್ಲಿಯ ಎದೆ ಉಬ್ಬಿತು. ಇಡೀ ಓಣಿಗೆ ಮೊದಲ ಪರವಾನಗಿ! ನಕ್ಕವರೆಲ್ಲ ಈಗ ಅವನ ಕೈ ಕುಲುಕುತ್ತಿದ್ದರು.

"ಹಾಗಾದ್ರೆ ನಾಳೆಯಿಂದ ಇಟ್ಟಿಗೆ ಅನ್ನಿ" ಎಂದ ಹಮ್ಮಾದಿ.

"ಇಲ್ಲ ಇಲ್ಲ. ಮೊದಲು ನಗರಸಭೆಯ ಎಂಜಿನಿಯರು ಬಂದು ಗೋಡೆ ಬರೋ ಕಡೆ ಗೆರೆ ಹಾಕಬೇಕು. ಆಮೇಲೆ ಇಟ್ಟಿಗೆ. ಅದು ನಿಯಮ."

"ಓ. ಗೆರೆ." ಹಮ್ಮಾದಿ ಸಕ್ಕರೆ ಕಲಕಿದ. "ಎಲ್ಲಿ ಹಾಕ್ತಾರೆ ಗೆರೆನ?"

"ಮಾಳಿಗೆ ಮೇಲೇ."

"ಕೆಳಗಿಂದ ಆಗಲ್ವಾ?"

"ಮಾಳಿಗೆ ಮೇಲಿನ ಕೋಣೆಗೆ ಕೆಳಗಿಂದ ಹೇಗ್ರೀ ಗೆರೆ ಹಾಕ್ತಾರೆ?"

"ಅದೂ ಸರಿ." ಹಮ್ಮಾದಿ ಇನ್ನೂ ಕಲಕುತ್ತಲೇ ಇದ್ದ. "ಯಾವತ್ತು ಬರ್ತಾರಂತೆ?"

"ನಾಳೆ ಬೆಳಿಗ್ಗೆ. ಸಂಜೆ ಫೋನ್ ಮಾಡಿ ಹೇಳ್ತೀನಿ ಅಂದಿದ್ದಾರೆ."

ಪರವಾನಗಿ ಕೊನೆಯ ಮೇಜಿನಿಂದ ಬೇಗನೆ ವಾಪಸು ಬಂತು. ಶಾಧ್ಲಿಯ ಮನೆ ಓಣಿಯ ಏರಿನ ತುದಿಯಲ್ಲಿತ್ತು. ಅದರ ಮಾಳಿಗೆಯಲ್ಲಿ ನಿಂತರೆ ಎಲ್ಲರ ಮಾಳಿಗೆಯೂ, ಮೇಲೆ ಕೇಳದೆ ಕಟ್ಟಿದ ಕೋಣೆಗಳೂ ಅಂಗೈಯಂತೆ ತೆರೆದಿರುತ್ತವೆ. ಅದು ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಶಾಧ್ಲಿಗೂ ಗೊತ್ತಿತ್ತು. ಆದರೆ ಈ ಗಳಿಗೆಯವರೆಗೂ ಅದು ನೆನಪಾಗಿರಲಿಲ್ಲ. ನೆನಪಾದಾಗ ಅವನ ಮೈಯಲ್ಲಿ ಹರಿದದ್ದು ಭಯವಲ್ಲ. ಅದಕ್ಕೆ ಹತ್ತಿರದ, ಇನ್ನೂ ಸಿಹಿಯಾದ ಏನೋ.

ಹೊರಡುವಾಗ ಹಮ್ಮಾದಿ ಅವನ ತೋಳು ಹಿಡಿದು ತನ್ನ ಅಂಗಡಿಯವರೆಗೂ ನಡೆಸಿಕೊಂಡು ಹೋಗಿ ಕುರಿಯ ಒಂದು ಮುಂದಿನ ತೊಡೆ ಕಟ್ಟಿಕೊಟ್ಟ. ದುಡ್ಡು ಮುಟ್ಟಲಿಲ್ಲ. "ಮನೆಯಾಕೆಗೆ ನನ್ನ ಸಲಾಮ್ ಹೇಳಿ" ಎಂದ. ನಗಲಿಲ್ಲ. ಪರವಾನಗಿ ಮೇಷ್ಟ್ರೇ ಎನ್ನಲಿಲ್ಲ.

ಮನೆಯಲ್ಲಿ ಪಕ್ಕದ ಮನೆಯ ಮುದುಕಿ ಲಲ್ಲಾ ಮ್ನಾನಾ ಆಗಲೇ ಬಂದು ಕೂತಿದ್ದಳು. ಖರ್ಜೂರ ತುಂಬಿದ ಮಕ್ರೂದಿನ ತಟ್ಟೆ ತೊಡೆಯ ಮೇಲಿತ್ತು. ಶಾಧ್ಲಿಯನ್ನು ಚಡ್ಡಿ ಹಾಕುವ ವಯಸ್ಸಿನಿಂದ ನೋಡಿದವಳು. ಗಂಡನನ್ನು ಬಿಟ್ಟು ಬಂದ ಮಗಳು ಹ್ನಿಯಾಳಿಗೆಂದು ಕಳೆದ ಬಕ್ರೀದಿನಲ್ಲಿ ಮಾಳಿಗೆಯ ಮೇಲೆ ಒಂದು ಕೋಣೆ ಎತ್ತಿಸಿದ್ದಳು. ಈಗ ಹ್ನಿಯಾ ಕೂಸಿನ ಜೊತೆ ಅಲ್ಲೇ ಇದ್ದಾಳೆ.

"ತಿನ್ನು ಮಗಾ. ಬಿಸಿ ಇದೆ."

"ನೀವ್ಯಾಕೆ ತೊಂದರೆ ತಗೊಂಡ್ರಿ, ಲಲ್ಲಾ?"

"ತೊಂದರೆ ಏನು, ಸಂತೋಷದ ಸುದ್ದಿ. ನಿಮ್ಮಮ್ಮ ಇದ್ದಿದ್ರೆ ಓಣಿಗೆಲ್ಲಾ ಕೂಗಿ ಹೇಳ್ತಿದ್ಲು." ಅವಳು ತಟ್ಟೆಯ ಮೇಲಿನ ಬಟ್ಟೆ ಸರಿಪಡಿಸಿದಳು. "ಆ ಎಂಜಿನಿಯರು. ಅವನಿಗೆ ಕಣ್ಣು ಚೆನ್ನಾಗಿ ಕಾಣುತ್ತಾ?"

"ಅವರು ಬರೋದು ನನ್ನ ಗೆರೆ ಹಾಕೋಕೆ, ಲಲ್ಲಾ. ನನ್ನ ಗೆರೆಯಿಂದಾಚೆ ಅವರಿಗೆ ಕೆಲಸ ಇಲ್ಲ."

"ಹೌದಾ? ಕಣ್ಣಿಗೂ ಗೆರೆ ಹಾಕ್ಕೊಂಡು ಬರ್ತಾನಾ?"

ಶಾಧ್ಲಿ ಮಕ್ರೂದು ಬಾಯಿಗಿಟ್ಟ. ಜೇನು ನಾಲಗೆಗೆ ಅಂಟಿಕೊಂಡು ಉತ್ತರ ಕೊಡುವ ಕಷ್ಟ ತಪ್ಪಿತು. ಮುದುಕಿ ಮಂಡಿ ಹಿಡಿದು ಎದ್ದಳು. ತಟ್ಟೆಯನ್ನು ಬಿಟ್ಟು ಹೋದಳು. ಖಾಲಿ ತಟ್ಟೆ ವಾಪಸು ಕಳಿಸಬಾರದು. ಏನಾದರೂ ತುಂಬಿಯೇ ಕಳಿಸಬೇಕು. ಮುದುಕಿಗೂ ಅದು ಗೊತ್ತು, ಶಾಧ್ಲಿಗೂ ಗೊತ್ತು.

ವಸೀಲಾ ಮಧ್ಯಾಹ್ನದ ಬಿಡುವಿಗೆ ಬಂದಳು. ಅಡುಗೆಮನೆಯಲ್ಲಿ ಮಾಂಸ ನೋಡಿದಳು. ತಟ್ಟೆ ನೋಡಿದಳು. ಗಂಡನ ಕಿವಿ ನೋಡಿದಳು.

"ಮುಂದಕ್ಕೆ ಹಾಕು" ಎಂದಳು.

"ಏನನ್ನ?"

"ಗೆರೆಯ ದಿನಾನ. ಔಷಧದಂಗಡೀಲಿ ಬೆಳಗಿಂದ ಎಷ್ಟು ಜನ ನನ್ನ ಮುಂದೆ ಬಂದು ಸುಮ್ಮನೆ ನಿಂತು ಹೋದ್ರು ಗೊತ್ತಾ? ಔಷಧಿ ಕೇಳಲಿಲ್ಲ. ಸಲಾಮ್ ಅಂದ್ರು, ನಿಂತ್ರು, ಹೋದ್ರು. ಸ್ವಲ್ಪ ದಿನ ಬಿಡು, ಶಾಧ್ಲಿ. ಅವರವರ ದಾರಿ ಅವರು ನೋಡ್ಕೊಳ್ಳಲಿ."

"ಯಾಕೆ ಬಿಡಬೇಕು? ನಾನೇನು ತಪ್ಪು ಮಾಡಿದ್ದೀನಾ?"

"ಇಲ್ಲ. ಈ ಓಣೀಲಿ ತಪ್ಪು ಮಾಡದೇ ಇರೋನು ನೀನೊಬ್ಬನೇ." ಅವಳು ನೀರು ಕುಡಿದು ಲೋಟ ಬೋರಲು ಹಾಕಿದಳು. "ಅದಿರಲಿ. ಕೋಣೇಲಿ ಏನಿಡ್ತೀಯ?"

"ಪುಸ್ತಕ."

"ಪುಸ್ತಕ ಕೆಳಗಿವೆ. ನೀನು ಓದಲ್ಲ."

"ಕೂತ್ಕೋತೀನಿ."

"ಎಲ್ಲಿ ಕೂತಿಲ್ಲ ನೀನು ಈಗ?"

ಅವನು ಬಾಯಿ ತೆರೆದ. ನಿಯಮಗಳೆಲ್ಲ ಸಾಲಾಗಿ ನಾಲಗೆಯ ತುದಿಗೆ ಬಂದು ನಿಂತವು. ಗೋಡೆಯಿಂದ ಬಿಡುವ ಜಾಗ, ಎತ್ತರ, ಕಿಟಕಿ, ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕಾದ ಪರವಾನಗಿಯ ಫಲಕ. ಕೋಣೆ ಯಾಕೆ ಎನ್ನುವುದನ್ನು ನಗರಸಭೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

"ನಿಯಮದ ಪ್ರಕಾರ ಮುಂದಕ್ಕೆ ಹಾಕೋಕೆ ಬರಲ್ಲ" ಎಂದ.

ಬರುತ್ತಿತ್ತು. ಅರ್ಜಿದಾರನು ಬಯಸಿದರೆ ಗೆರೆ ಹಾಕುವ ದಿನವನ್ನು ಮುಂದೂಡಬಹುದು. ಪರವಾನಗಿಗೆ ಅದರಿಂದ ಏನೂ ಬಾಧೆಯಿಲ್ಲ. ಆ ಸಾಲು ಯಾವ ಪುಟದಲ್ಲಿದೆ ಎಂಬುದೂ ಅವನಿಗೆ ಗೊತ್ತಿತ್ತು. ವಸೀಲಾ ಅವನನ್ನೇ ನೋಡಿದಳು, ಚೀಲ ಹೆಗಲಿಗೆ ಹಾಕಿ ಅಂಗಡಿಗೆ ಹೊರಟುಹೋದಳು. ಮಾಂಸ ಮೇಜಿನ ಮೇಲೇ ಉಳಿಯಿತು.

ಸಂಜೆ ಬಿಸಿಲು ಇಳಿದ ಮೇಲೆ ಅವನು ಸುಣ್ಣದ ಪುಡಿಯ ಡಬ್ಬಿ, ಹಗ್ಗ, ತಾನೇ ಬರೆಸಿಟ್ಟ ಫಲಕ ಹಿಡಿದು ಮಾಳಿಗೆ ಹತ್ತಿದ. ನಾಳೆ ಹಾಕುವ ಗೆರೆಯನ್ನು ಇವತ್ತೇ ಒಮ್ಮೆ ತಾನು ಹಾಕಿ ನೋಡಬೇಕು ಅನಿಸಿತ್ತು. ಎಂಜಿನಿಯರಿಗಿಂತ ಮೊದಲು. ಯಾರಿಗಿಂತಲೂ ಮೊದಲು.

ಮೆಟ್ಟಿಲ ಬಾಗಿಲು ತೆರೆದವನು ಅಲ್ಲೇ ನಿಂತ.

ಓಣಿಯ ಮಾಳಿಗೆಗಳ ತುಂಬ ಬಿಳಿ ಹಚ್ಚಡ. ಹಮ್ಮಾದಿಯ ಮಾಳಿಗೆಯಲ್ಲಿ, ಅವನ ತಮ್ಮನದರಲ್ಲಿ, ಕಾಫಿಯಂಗಡಿಯವನದರಲ್ಲಿ, ಹಗ್ಗಗಳ ಮೇಲೆ ಹಗ್ಗ ಕಟ್ಟಿ, ತುದಿಗೆ ತುದಿ ಸೇರಿಸಿ ಹರವಿದ ಹಚ್ಚಡಗಳು. ಒಂದರಿಂದಲೂ ನೀರು ತೊಟ್ಟಿಕ್ಕುತ್ತಿರಲಿಲ್ಲ. ಯಾವುದನ್ನೂ ಒಗೆದಿರಲಿಲ್ಲ. ಎಲ್ಲವೂ ಅವನ ಮನೆಯ ಕಡೆಗೇ ಮುಖ ಮಾಡಿದ್ದವು. ಹಿಂದೆ ಕೋಣೆಗಳಿವೆಯೋ, ಟೈರುಗಳಿವೆಯೋ, ಮನುಷ್ಯರಿದ್ದಾರೋ ಗೊತ್ತಾಗುವಂತಿರಲಿಲ್ಲ.

ಒಂದು ಜಾಗ ಮಾತ್ರ ಇನ್ನೂ ತೆರೆದಿತ್ತು. ಪಕ್ಕದ ಮಾಳಿಗೆಯಲ್ಲಿ ಹ್ನಿಯಾ, ಸೊಂಟದಲ್ಲಿ ಕೂಸು, ಹಲ್ಲಿನ ನಡುವೆ ಬಟ್ಟೆಯ ಕ್ಲಿಪ್ಪು. ದಿನಾ ಸಂಜೆ ಅಡ್ಡಗೋಡೆಯ ಮೇಲಿಂದ "ಹೇಗಿದ್ದೀರಿ, ಸೀ ಶಾಧ್ಲಿ?" ಎನ್ನುವವಳು. ಕೂಸು ಅವನನ್ನು ಕಂಡು ಕೈ ಚಾಚಿತು. ಹ್ನಿಯಾ ಅದರ ಕೈಯನ್ನು ಮೆಲ್ಲಗೆ ಮಡಚಿ ಒಳಗೆ ಇಟ್ಟುಕೊಂಡಳು.

"ನಿಮ್ಮ ತಟ್ಟೆ ನಮ್ಮನೇಲೇ ಇದೆ" ಎಂದ ಶಾಧ್ಲಿ.

ಅವಳು ಕ್ಲಿಪ್ಪನ್ನು ಬಾಯಿಂದ ತೆಗೆದಳು. ಏನಾದರೂ ಹೇಳುತ್ತಾಳೆ ಅಂದುಕೊಂಡ. ಅವಳು ಕೊನೆಯ ಹಚ್ಚಡವನ್ನು ಎಳೆದು ಅದಕ್ಕೆ ಆ ಕ್ಲಿಪ್ಪು ಹಾಕಿದಳು.

ಆಗಲೇ ಫೋನು ಬಂತು.

"ಸೀ ಶಾಧ್ಲಿ? ನಾನು ಎಂಜಿನಿಯರ್ ರೌಫ್. ನೋಡಿ, ನಾಳೆ ಕೆಲಸ ಸ್ವಲ್ಪ ಜಾಸ್ತಿ ಇದೆ. ನಿಮ್ಮದು ಬಕ್ರೀದಿನ ರಜೆ ಕಳೆದ ಮೇಲೆ ಇಟ್ಕೊಳ್ಳೋಣವಾ? ನಿಮಗೇನೂ ನಷ್ಟ ಇಲ್ಲ. ನಿಮ್ಮ ಕಾಗದ ಎಲ್ಲಾ ಪಕ್ಕಾ ಇದೆ. ಇಷ್ಟು ಪಕ್ಕಾ ಇರೋದನ್ನ ನಾನೂ ನೋಡಿಲ್ಲ, ನಿಜ ಹೇಳ್ತೀನಿ."

ಹಚ್ಚಡದ ಹಿಂದೆ ಕೂಸು ಏನೋ ಕಂಡು ಕಿಲಕಿಲ ನಕ್ಕಿತು. ಯಾರೋ ಅದನ್ನು ಶ್ ಎಂದು ಸುಮ್ಮನಾಗಿಸಿದರು. ಇಡೀ ಓಣಿ ಉಸಿರು ಹಿಡಿದು ಅವನ ಉತ್ತರ ಕೇಳುತ್ತಿದೆ ಅನಿಸಿತು. ಅವನೊಬ್ಬನ ಉತ್ತರ! ಇಷ್ಟು ಜನ ಯಾವತ್ತೂ ಅವನ ಮಾತಿಗೆ ಕಾದಿರಲಿಲ್ಲ, ತರಗತಿಯಲ್ಲೂ.

"ಇಲ್ಲ" ಎಂದ ಶಾಧ್ಲಿ. ದನಿ ಬೇಕಾದ್ದಕ್ಕಿಂತ ಎತ್ತರವಾಯಿತು. "ನಾಳೆಯೇ ಬನ್ನಿ."

"ಹತ್ತು ಗಂಟೆಗೆ?"

"ಹತ್ತು ಗಂಟೆಗೆ. ಕಾಯ್ತಿರ್ತೀನಿ."

ಫೋನು ಕಿಸೆಗಿಟ್ಟು ಕೆಲಸಕ್ಕೆ ತೊಡಗಿದ. ಹಗ್ಗ ಬಿಗಿದು ಸುಣ್ಣ ಉದುರಿಸಿದ. ನಾಲ್ಕು ಮೂಲೆಯೂ ಸರಿಯಾಗಿ ಕೂಡಿದವು. ಫಲಕವನ್ನು ಓಣಿಗೆ ಕಾಣುವ ಹಾಗೆ ಅಂಚಿಗೆ ಒರಗಿಸಿದ. ಆಮೇಲೆ ಗೆರೆ ದಾಟಿ ಒಳಗೆ ಹೋಗಿ ನಡುಮಧ್ಯೆ ನಿಂತ. ಗೆದ್ದವನ ಹಾಗೆ ಸೊಂಟದ ಮೇಲೆ ಕೈ ಇಟ್ಟುಕೊಂಡ. ಕಿವಿಯ ಮೇಲಿನ ಮೊಗ್ಗುಗಳು ಸಂಜೆಗೆ ಅರಳಿಕೊಂಡಿದ್ದವು. ಅಷ್ಟು ಪರಿಮಳ ಅವನೊಬ್ಬನಿಗೇ.

ಸಮುದ್ರದ ಗಾಳಿ ಎದ್ದಿತು. ಹಚ್ಚಡಗಳು ಉಬ್ಬಿ, ಒಂದು ಹೆಜ್ಜೆ ಹತ್ತಿರ ಬಂದ ಹಾಗೆ ಬಂದು, ನಿಂತವು. ಎಡಕ್ಕೆ ಬಿಳಿ. ಬಲಕ್ಕೆ ಬಿಳಿ. ಹಿಂದೆ ಮುಂದೆ ಬಿಳಿ. ತಲೆ ಎತ್ತಿದರೆ ಮೇಲೆ ಒಂದು ತುಂಡು ಆಕಾಶ.

ಕೋಣೆ ನಕ್ಷೆಯಲ್ಲಿದ್ದ ಹಾಗೆಯೇ ಇತ್ತು. ನಾಳೆ ಹತ್ತಕ್ಕೆ ಸೀ ರೌಫ್ ಬಂದು ಅಳತೆ ನೋಡಿದರೆ ಸಾಕು.